ಕ್ಲೀನರ್ ಮೀನು ಹಾಕಿದರೆ ಬಿಳಿ ಚುಕ್ಕಿ ಹೋಗುತ್ತಾ?

ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ಉಪ್ಪಳದಲ್ಲಿ. ಹಿಂದೆ ಸಿಹಿನೀರಿನ ಟ್ಯಾಂಕ್ ಇತ್ತು. ಅದರಲ್ಲಿದ್ದ ಒಂದು ಸಕ್ಕರ್ ಮೀನು ಗಾಜು ನೆಕ್ಕಿ ನೆಕ್ಕಿ ಚೊಕ್ಕವಾಗಿ ಇಡುತ್ತಿತ್ತು. ಆರು ತಿಂಗಳ ಹಿಂದೆ ಉಪ್ಪುನೀರಿನದ್ದು ಶುರು ಮಾಡಿದೆ. ಮೂರು ಅಡಿಯ ಟ್ಯಾಂಕ್, ಸುಮಾರು 180 ಲೀಟರ್. ಎರಡು ಕ್ಲೌನ್, ಎರಡು ಡ್ಯಾಮ್ಸೆಲ್, ಒಂದು ಸಣ್ಣ ನೀಲಿ ಟ್ಯಾಂಗ್ ಇವೆ. ಹತ್ತು ದಿನದಿಂದ ಟ್ಯಾಂಗಿನ ಮೈಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕಿ. ನಡುವೆ ಮಾಯವಾಗಿತ್ತು, ಈಗ ಜಾಸ್ತಿಯಾಗಿ ಬಂದಿದೆ. ಗಾಜಿನ ಮೇಲೆ ಕಂದು ಪಾಚಿಯೂ ಇದೆ. ಕ್ಲೀನರ್ ರಾಸ್ ಎಂಬ ಮೀನು ಹಾಕಿದರೆ ಎರಡೂ ಹೋಗುತ್ತದೆ ಎಂದು ಅಂಗಡಿಯವರು ಹೇಳಿದರು. ತರಬಹುದಾ? ಒಂದು ಸಾಕಾ, ಜೋಡಿ ಬೇಕಾ?

ಉತ್ತರ: ಈಗ ತರಬೇಡಿ. ಗಾಜಿನ ಪಾಚಿಯನ್ನು ಆ ಮೀನು ಮೂಸಿಯೂ ನೋಡುವುದಿಲ್ಲ. ಬಿಳಿ ಚುಕ್ಕಿ ತೆಗೆಯುವುದು ಅದರ ಕೈಲಾಗುವ ಕೆಲಸ ಅಲ್ಲ. ಅದಕ್ಕಿಂತ ಹೆಚ್ಚಾಗಿ, ನಿಮ್ಮ ಟ್ಯಾಂಕಿನಲ್ಲಿ ಅದರ ಹೊಟ್ಟೆ ತುಂಬುವುದೇ ಕಷ್ಟ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನೂ ಇದೇ ಮಾತು ನಂಬಿ ಒಂದು ಮೀನು ಕೊಂದವನು.

ತಪ್ಪು ಶುರುವಾಗುವುದು ಹೆಸರಿನಿಂದ. ಕ್ಲೀನರ್ ಅಂದ ತಕ್ಷಣ ನಮಗೆ ಲಾರಿಯ ಕ್ಲೀನರ್ ನೆನಪಾಗುತ್ತಾನೆ. ಗಾಜು ಒರೆಸುವುದರಿಂದ ಹಿಡಿದು ಟಯರ್ ಬದಲಾಯಿಸುವ ತನಕ ಎಲ್ಲ ಅವನದ್ದೇ. ನಿಮ್ಮ ಹಳೆಯ ಸಕ್ಕರ್ ಮೀನು ಹೆಚ್ಚುಕಡಿಮೆ ಆ ಜಾತಿಯದ್ದು, ಕಲ್ಲು ಗಾಜು ಕೆರೆದು ಪಾಚಿ ತಿನ್ನುತ್ತದೆ. ಕ್ಲೀನರ್ ರಾಸ್ ಹಾಗಲ್ಲ. ಗದ್ದೆ ಬದಿಯಲ್ಲಿ ಮಲಗಿದ ಎಮ್ಮೆಯ ಬೆನ್ನ ಮೇಲೆ ಕಾಗೆ ಕೂತು ಉಣ್ಣಿ ಹೆಕ್ಕುವುದನ್ನು ನೀವು ನೋಡಿರುತ್ತೀರಿ. ಎಮ್ಮೆ ಕಿವಿ ಅಲ್ಲಾಡಿಸದೆ ಸುಮ್ನೆ ಬಿದ್ದುಕೊಂಡಿರುತ್ತದೆ. ಈ ಮೀನು ಸಮುದ್ರದ ಆ ಕಾಗೆ. ಅದರ ಊಟ ಇರುವುದು ಬೇರೆ ಮೀನುಗಳ ಮೈಮೇಲೆ.

ಬೆರಳಿನಷ್ಟು ಉದ್ದದ ತೆಳು ಮೀನು. ಬಿಳಿ-ನೀಲಿ ಮೈ, ಮೂತಿಯಿಂದ ಬಾಲದವರೆಗೆ ಒಂದು ಕಪ್ಪು ಪಟ್ಟೆ, ಬಾಲದ ಕಡೆ ಹೋದಂತೆ ಆ ಪಟ್ಟೆ ಅಗಲ. ವಿಜ್ಞಾನಿಗಳು ಇಟ್ಟ ಹೆಸರು ಲ್ಯಾಬ್ರಾಯ್ಡಿಸ್ ಡಿಮಿಡಿಯೇಟಸ್. ನಮ್ಮ ಕಾಸರಗೋಡಿನ ದಡ ಬರೀ ಮರಳು, ಇಲ್ಲಿ ಇದಕ್ಕೆ ಜಾಗ ಇಲ್ಲ. ಲಕ್ಷದ್ವೀಪದ ಹವಳದ ದಿಬ್ಬಗಳಲ್ಲಿ ಇದೆ. ಅಲ್ಲಿ ಇಂತಿಂಥ ಕಲ್ಲು ಎಂದು ಒಂದು ಜಾಗ ಹಿಡಿದು ಅಂಗಡಿ ಇಡುತ್ತದೆ. ಮೈ ತುರಿಕೆಯಾದ ಮೀನುಗಳು ಅಲ್ಲಿಗೇ ಬರುತ್ತವೆ. ಭಾನುವಾರ ಬೆಳಿಗ್ಗೆ ಕ್ಷೌರದಂಗಡಿಯಲ್ಲಿ ಕೂರುತ್ತೇವಲ್ಲ, ಥೇಟ್ ಹಾಗೆ. ಇದನ್ನು ಒಂದೇ ಗುಟುಕಿಗೆ ನುಂಗಬಲ್ಲ ಮುರು ಮೀನು ಕೂಡ ಬಾಯಿ ತೆರೆದು, ಕಿವಿರು ಅಗಲಿಸಿ ನಿಲ್ಲುತ್ತದೆ. ಇದು ಒಳಗೇ ನುಗ್ಗಿ ಹೆಕ್ಕಿ ಹೊರಗೆ ಬರುತ್ತದೆ.

ಈಗ ಲೆಕ್ಕಕ್ಕೆ ಬನ್ನಿ. ಆಸ್ಟ್ರೇಲಿಯಾದ ಲಿಝರ್ಡ್ ದ್ವೀಪದ ಹತ್ತಿರ ಅಲೆಕ್ಸಾಂಡ್ರಾ ಗ್ರಟರ್ ಎಂಬ ವಿಜ್ಞಾನಿ ಈ ಮೀನುಗಳ ಹೊಟ್ಟೆಯೊಳಗೆ ಏನಿದೆ ಎಂದು ನೋಡಿ, ದಿನವಿಡೀ ಕಾದು ಕೂತು ಲೆಕ್ಕ ಹಾಕಿದರು. 1996ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ ಒಂದು ಕ್ಲೀನರ್ ರಾಸ್ ದಿನಕ್ಕೆ ಸುಮಾರು 1200 ಪರೋಪಜೀವಿಗಳನ್ನು ತಿನ್ನುತ್ತದೆ. ಅಷ್ಟು ಸಿಗಬೇಕಾದರೆ ದಿನಕ್ಕೆ 2000ಕ್ಕೂ ಹೆಚ್ಚು ಸಲ ಗಿರಾಕಿಗಳ ಮೈ ಮುಟ್ಟಬೇಕು. ನಿಮ್ಮಲ್ಲಿ ಇರುವುದು ಐದು ಮೀನು. ಅದೂ ಅಲ್ಲದೆ ಅದು ಕಡಲಲ್ಲಿ ಮುಖ್ಯವಾಗಿ ತಿನ್ನುವುದು ಗ್ನಾಥಿಡ್ ಎಂಬ ರಕ್ತ ಹೀರುವ ಸಣ್ಣ ಜೀವಿಯನ್ನು. ಕಣ್ಣಿಗೆ ಕಾಣುವಂಥದ್ದು, ಕಾಲಿರುವಂಥದ್ದು, ಸಿಗಡಿಗೆ ದೂರದ ನೆಂಟ. ಮನೆಯ ಟ್ಯಾಂಕಿನಲ್ಲಿ ಸಾಮಾನ್ಯವಾಗಿ ಅದು ಇರುವುದೇ ಇಲ್ಲ.

ಉಣ್ಣಿ ಮುಗಿದ ಮೇಲೆ ಕಾಗೆ ಏನು ಮಾಡುತ್ತದೆ? ಎಮ್ಮೆಯ ಗಾಯ ಕುಕ್ಕುತ್ತದೆ. ಈ ಮೀನೂ ಅಷ್ಟೇ. ಅದಕ್ಕೆ ನಿಜವಾಗಿ ಇಷ್ಟ ಇರುವುದು ಮೀನಿನ ಮೈಯ ಲೋಳೆ. ಎರಡನ್ನೂ ಮುಂದಿಟ್ಟು ನೋಡಿದ ಪ್ರಯೋಗಗಳಲ್ಲಿ ಅದು ಪರೋಪಜೀವಿ ಬಿಟ್ಟು ಲೋಳೆಯನ್ನೇ ಆರಿಸಿಕೊಂಡಿದೆ. ಕಡಲಲ್ಲಿ ಹೀಗೆ ಕದ್ದು ಕಚ್ಚಿದರೆ ಗಿರಾಕಿ ಅಟ್ಟಿಸಿಕೊಂಡು ಬರುತ್ತದೆ, ಇಲ್ಲವೇ ಬೇರೆ ಅಂಗಡಿಗೆ ಹೋಗುತ್ತದೆ. ಆ ಹೆದರಿಕೆಯಲ್ಲಿ ಕ್ಲೀನರ್ ನಿಯತ್ತಾಗಿ ಇರುತ್ತದೆ. ಮೂರು ಅಡಿಯ ಗಾಜಿನ ಪೆಟ್ಟಿಗೆಯಲ್ಲಿ ಗಿರಾಕಿ ಎಲ್ಲಿಗೆ ಹೋಗಬೇಕು ಹೇಳಿ. ಮೊದಲೇ ಕಾಯಿಲೆ ಬಿದ್ದ ನಿಮ್ಮ ಟ್ಯಾಂಗ್ ಮೂಲೆ ಹಿಡಿಯುತ್ತದೆ, ಊಟ ಬಿಡುತ್ತದೆ.

ನನ್ನ ಕಥೆ ಇಷ್ಟೇ. ಶುರುವಿನ ವರ್ಷದಲ್ಲಿ ನಾನೂ ಒಂದು ಕ್ಲೀನರ್ ರಾಸ್ ತಂದೆ. ಮೊದಲ ವಾರ ಮನೆಗೆ ಬಂದವರನ್ನೆಲ್ಲ ಕರೆದು ತೋರಿಸಿದೆ. ಅದು ಟ್ಯಾಂಗಿನ ಸುತ್ತ ಕುಣಿದಾಗ ಮಕ್ಕಳು ಚಪ್ಪಾಳೆ ಹೊಡೆದರು. ನಾನು ಹಾಕುತ್ತಿದ್ದ ಒಣ ಫುಡ್ ಅದರ ಮೂತಿಯ ಮುಂದೆಯೇ ಕೆಳಗೆ ಇಳಿದುಹೋಗುತ್ತಿತ್ತು, ಅದು ತಿರುಗಿಯೂ ನೋಡುತ್ತಿರಲಿಲ್ಲ. ಎರಡನೇ ವಾರ ಹೊಟ್ಟೆ ಒಳಗೆ ಹೋಯಿತು. ಮೂರನೇ ವಾರ ಕಲ್ಲಿನ ಸಂದಿಯಲ್ಲಿ ಸತ್ತು ಸಿಕ್ಕಿತು. ಕಾಯಿಲೆ ಏನೂ ಇರಲಿಲ್ಲ. ಬರೀ ಹಸಿವು.

ಬಿಳಿ ಚುಕ್ಕಿಯ ವಿಷಯಕ್ಕೆ ಬರುತ್ತೇನೆ. ನಿಮಗೆ ಅವಸರದ ಕೆಲಸ ಅದೇ.

ನೀವು ಹೇಳಿದ ಲಕ್ಷಣ ನೋಡಿದರೆ ಇದು ಕ್ರಿಪ್ಟೋಕ್ಯಾರಿಯನ್ ಎಂಬ ಏಕಕೋಶ ಜೀವಿಯ ಕೆಲಸ. ಉಪ್ಪುನೀರು ಸಾಕುವವರು ಇಚ್ ಅನ್ನುತ್ತಾರೆ. ನೀಲಿ ಟ್ಯಾಂಗಿಗೆ ಇದು ಬೇಗ ಅಂಟುತ್ತದೆ. ಆ ಚುಕ್ಕಿ ಚರ್ಮದ ಮೇಲೆ ಕೂತದ್ದಲ್ಲ, ಮೇಲ್ಪದರದ ಅಡಿಯಲ್ಲಿ ಹೊಕ್ಕು ಕೂತದ್ದು. ಕ್ಲೀನರ್ ಮೀನಿನ ಮೂತಿಗೆ ಸಿಗುವುದಿಲ್ಲ.

"ನಡುವೆ ಮಾಯವಾಗಿತ್ತು" ಎಂದಿರಲ್ಲ, ಮುಖ್ಯವಾದ ಸುಳಿವು ಅದು. ಈ ಜೀವಿ ಮೀನಿನ ಮೈಯಲ್ಲಿ 3ರಿಂದ 7 ದಿನ ಇದ್ದು, ಹೊಟ್ಟೆ ತುಂಬಿದ ಮೇಲೆ ತಾನಾಗಿ ಉದುರುತ್ತದೆ. ಆಗ ಮೀನು ಕ್ಲೀನಾಗಿ ಕಾಣುತ್ತದೆ. ಉದುರಿದ್ದು ಮರಳಿಗೋ ಕಲ್ಲಿಗೋ ಅಂಟಿ, ಸುತ್ತ ಗಟ್ಟಿ ಗೂಡು ಕಟ್ಟಿ, ಒಳಗೇ ಒಡೆದು ಒಡೆದು ನೂರಾರು ಆಗುತ್ತದೆ. ಕೆಲವು ಗೂಡು ಮೂರೇ ದಿನಕ್ಕೆ ಬಿರಿಯುತ್ತವೆ. ಹೆಚ್ಚಿನವು ನಾಲ್ಕು ವಾರದೊಳಗೆ. 72 ದಿನ ಕಾದು ಬಿರಿದ ದಾಖಲೆಯೂ ಇದೆ. ಹೊರಬಂದ ಮರಿಗಳು ಒಂದೆರಡು ದಿನದಲ್ಲಿ ಮೀನು ಹುಡುಕಿಕೊಳ್ಳಬೇಕು, ಇಲ್ಲದಿದ್ದರೆ ಸಾಯುತ್ತವೆ. ಕಡಲಲ್ಲಿ ಅವಕ್ಕೆ ಮೀನು ಸಿಗುವುದು ಅದೃಷ್ಟ. 180 ಲೀಟರಿನಲ್ಲಿ ತಪ್ಪಿಸಿಕೊಳ್ಳುವುದು ಮೀನಿನ ಅದೃಷ್ಟ.

ಕ್ಲೀನರ್ ರಾಸ್ ಹಾಕಿದ ಮೂರ್ನಾಲ್ಕು ದಿನಕ್ಕೆ ಚುಕ್ಕಿ ಹೋಯಿತು ಎಂದು ಎಷ್ಟೋ ಜನ ಪ್ರಮಾಣ ಮಾಡಿ ಹೇಳುವುದು ಈ ಉದುರುವ ಕಾಲದಿಂದಾಗಿ. ಹಾಕದಿದ್ದರೂ ಹೋಗುತ್ತಿತ್ತು. ಅಂಗಡಿಯವರು ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ, ಅವರೂ ಅದನ್ನೇ ಕಣ್ಣಾರೆ ನೋಡಿರುತ್ತಾರೆ.

ಮಾಡಬೇಕಾದ್ದು ಏನು? ಐದೂ ಮೀನನ್ನು ಹೊರಗೆ ತೆಗೆಯಬೇಕು. ಚುಕ್ಕಿ ಕಂಡದ್ದು ಟ್ಯಾಂಗಿನಲ್ಲಿ ಮಾತ್ರ ಎಂದು ಉಳಿದವನ್ನು ಬಿಡಬೇಡಿ. ಕ್ಲೌನಿನ ಕಿವಿರಿನೊಳಗೆ ಎರಡು ಇದ್ದರೂ ನಿಮಗೆ ಕಾಣುವುದಿಲ್ಲ. ಮುಖ್ಯ ಟ್ಯಾಂಕನ್ನು 76 ದಿನ, ಅಂದರೆ ಎರಡೂವರೆ ತಿಂಗಳು ಮೀನಿಲ್ಲದೆ ಓಡಿಸಿ. ಫಿಲ್ಟರ್, ಪಂಪ್ ಎಲ್ಲ ನಡೆಯುತ್ತಿರಲಿ. ಎರಡು ದಿನಕ್ಕೊಮ್ಮೆ ಒಂದು ಚಿಟಿಕೆ ಫುಡ್ ಹಾಕಿ, ನೀರಿನ ಕೊಳೆ ಕರಗಿಸುವ ಬ್ಯಾಕ್ಟೀರಿಯಾ ಉಪವಾಸ ಬೀಳಬಾರದು. ಬಸವನಹುಳು, ಸಿಗಡಿ ಇದ್ದರೆ ಅಲ್ಲೇ ಇರಲಿ, ಅವಕ್ಕೆ ಈ ರೋಗ ಅಂಟುವುದಿಲ್ಲ.

ಹೊರಗೆ ತೆಗೆದ ಮೀನಿಗೆ ತಾಮ್ರದ ಔಷಧಿ ಹಾಕುವುದು ಹಳೆಯ ಪದ್ಧತಿ. ಕೆಲಸ ಮಾಡುತ್ತದೆ. ಆದರೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ಎಂಬ ಸಣ್ಣ ಗೆರೆಯೊಳಗೆ ವಾರಗಟ್ಟಲೆ ನಿಲ್ಲಿಸಬೇಕು. ಕಡಿಮೆಯಾದರೆ ರೋಗ ಉಳಿಯುತ್ತದೆ, ಜಾಸ್ತಿಯಾದರೆ ಮೀನು ಹೋಗುತ್ತದೆ. ಬೇರೆ ಬೇರೆ ಬಾಟಲಿಗೆ ಬೇರೆ ಬೇರೆ ಅಳತೆ ಇರುವುದೂ ಉಂಟು. ಟೆಸ್ಟ್ ಕಿಟ್ ಇಲ್ಲದೆ ಕೈ ಹಾಕಬೇಡಿ. ಮುಖ್ಯ ಟ್ಯಾಂಕಿಗಂತೂ ತಾಮ್ರ ಬೇಡವೇ ಬೇಡ. ಕಲ್ಲು ಮರಳು ಅದನ್ನು ಹೀರಿಕೊಂಡು ಆಮೇಲೆ ಬಿಡುತ್ತಾ ಇರುತ್ತದೆ. ಮುಂದೆ ಅಲ್ಲಿ ಸಿಗಡಿ ಬದುಕುವುದು ಕಷ್ಟ.

ನಾನು ನಿಮಗೆ ಹೇಳುವುದು ಟಬ್ ಬದಲಾಯಿಸುವ ವಿಧಾನ. ಔಷಧಿ ಇಲ್ಲ, ಬೆನ್ನು ನೋವು ಮಾತ್ರ ಇದೆ. 60 ಲೀಟರಿನ ಎರಡು ಪ್ಲಾಸ್ಟಿಕ್ ಟಬ್ ತನ್ನಿ. ಎರಡಕ್ಕೂ ಗಾಳಿಗುಳ್ಳೆ ಬಿಡುವ ಬೇರೆ ಬೇರೆ ಏರ್ ಸ್ಟೋನ್, ಬೇರೆ ಬಲೆ, ಅಡಗಲು ಒಂದೊಂದು ಪಿವಿಸಿ ಪೈಪಿನ ತುಂಡು. ಮರಳು, ಕಲ್ಲು ಬೇಡ. ಮೀನನ್ನು ಮೊದಲ ಟಬ್ಬಿಗೆ ಬಿಡಿ. ಮೂರು ದಿನ ತುಂಬುವ ಮೊದಲೇ, ಎಲ್ಲವನ್ನೂ ಹೊಸ ನೀರಿರುವ ಎರಡನೇ ಟಬ್ಬಿಗೆ ದಾಟಿಸಿ. ಹಳೆ ನೀರು ಜೊತೆಗೆ ಹೋಗಬಾರದು. ಮತ್ತೆ ಮೂರು ದಿನಕ್ಕೆ ತೊಳೆದು ಒಣಗಿಸಿದ ಮೊದಲ ಟಬ್. ಹೀಗೆ ನಾಲ್ಕು ಸಲ ದಾಟಿಸಿ. ಮೀನಿನಿಂದ ಉದುರಿದ್ದೆಲ್ಲ ಬಿರಿಯುವ ಮೊದಲೇ ಹಿಂದೆ ಉಳಿದುಹೋಗುತ್ತದೆ. ಯುಕ್ತಿ ಅಷ್ಟೇ. ಹಳೆ ಟಬ್ಬನ್ನು ಬ್ಲೀಚಿಂಗ್ ಪೌಡರಿನಲ್ಲಿ ತೊಳೆದು, ಚೆನ್ನಾಗಿ ನೀರು ಹಾಕಿ, ಬಿಸಿಲಿಗೆ ಕವುಚಿ ಹಾಕಿ. ಆಟಿ ತಿಂಗಳ ಮಳೆಯಾದರೆ ಬಿಸಿಲು ಎಲ್ಲಿಂದ ತರುವುದು, ಅಡುಗೆಮನೆಯ ಫ್ಯಾನಿನಡಿ ಒಂದು ದಿನವಿಡೀ ಇಡಿ, ಒಂದು ಹನಿ ತೇವವೂ ಇರಬಾರದು.

ಉಪ್ಪಿನ ಲೆಕ್ಕ ಮೊದಲೇ ಹಾಕಿಕೊಳ್ಳಿ. ಲೀಟರಿಗೆ 35 ಗ್ರಾಂ ಅಂದರೆ ಒಂದು ಟಬ್ಬಿಗೆ ಎರಡು ಕಿಲೋ ಮೇಲೆ, ಐದು ಸಲಕ್ಕೆ ಹತ್ತೂವರೆ ಕಿಲೋ. ಅರ್ಧದಲ್ಲಿ ಉಪ್ಪು ಮುಗಿದರೆ ಮಾಡಿದ್ದೆಲ್ಲ ನೀರುಪಾಲು. ಮನೆ ಹಿಂದೆಯೇ ಕಡಲು ಇದೆಯಲ್ಲ, ಕೊಡಪಾನ ಹಿಡಿದು ಹೋದರೆ ಸಾಲದೇ ಎಂದು ಕೇಳುವವರಿದ್ದಾರೆ. ಮಳೆಗಾಲದಲ್ಲಿ ಖಂಡಿತ ಬೇಡ. ಉಪ್ಪಳ ಹೊಳೆ, ಶಿರಿಯ, ಮೊಗ್ರಾಲ್, ಚಂದ್ರಗಿರಿ ಎಲ್ಲ ಕೆಂಪಾಗಿ ಬಂದು ಕಡಲಿಗೆ ಬೀಳುವ ಕಾಲ ಅದು. ದಡದ ನೀರಿನ ಉಪ್ಪು ಇಳಿದಿರುತ್ತದೆ, ಜೊತೆಗೆ ಊರಿನ ಕೊಳೆಯೂ ಇರುತ್ತದೆ. ಬೇಸಿಗೆಯಲ್ಲಿ ತಂದರೂ ಬಂದರಿನಿಂದ, ಅಳಿವೆಯಿಂದ ದೂರ ತರಬೇಕು. ನಾನು ಅಕ್ವೇರಿಯಂ ಅಂಗಡಿಯ ಪೊಟ್ಟಣದ ಸಮುದ್ರ ಉಪ್ಪೇ ಬಳಸುತ್ತೇನೆ, ಅಡುಗೆ ಉಪ್ಪಲ್ಲ.

ಒಂದು ಎಚ್ಚರಿಕೆ. ಚುಕ್ಕಿ ಉಪ್ಪಿನ ಕಾಳಿನಂತೆ ಕಾಣದೆ ಹಿಟ್ಟು ಉದುರಿಸಿದಷ್ಟು ನಯವಾಗಿದ್ದು, ಮೀನು ಜೋರಾಗಿ ಏದುಸಿರು ಬಿಡುತ್ತಿದ್ದರೆ ಅದು ವೆಲ್ವೆಟ್ ಎಂಬ ಬೇರೆ ರೋಗ. ಎರಡು ಮೂರು ದಿನದಲ್ಲಿ ಟ್ಯಾಂಕ್ ಖಾಲಿ ಮಾಡುತ್ತದೆ. ಅದಕ್ಕೆ ಟಬ್ ವಿಧಾನ ಸಾಲದು, ಅಲ್ಲಿ ತಾಮ್ರವೇ ಗತಿ. ನಿಮ್ಮ ಮೀನು ಹತ್ತು ದಿನ ತಡೆದಿದೆ ಎಂದರೆ ಅದು ಇರಲಾರದು.

ಪಾಚಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕಂದು ಪದರ ಹೊಸ ಟ್ಯಾಂಕಿನಲ್ಲಿ ಸಾಮಾನ್ಯ. ಬಾವಿ ನೀರಿಗೆ ಉಪ್ಪು ಕಲಸುತ್ತಿದ್ದರೆ ಅದರಲ್ಲಿರುವ ಸಿಲಿಕಾ ಅದಕ್ಕೆ ಗೊಬ್ಬರ. ಆರ್‌ಓ ನೀರಿಗೆ ಬದಲಾಯಿಸಿ. ಗಾಜಿಗೆ ಅಯಸ್ಕಾಂತದ ಬ್ರಷ್ ಸಿಗುತ್ತದೆ, ವಾರಕ್ಕೆ ಎರಡು ಸಲ ಎಳೆದರೆ ಸಾಕು. ನಾಲ್ಕೈದು ಟರ್ಬೋ ಬಸವನಹುಳು ಉಳಿದದ್ದು ನೋಡಿಕೊಳ್ಳುತ್ತವೆ.

ಇಷ್ಟೆಲ್ಲ ಆದ ಮೇಲೂ ಕ್ಲೀನರ್ ರಾಸ್ ಆಸೆ ಇದ್ದೇ ಇರುತ್ತದೆ, ನನಗೆ ಗೊತ್ತು. ಅಷ್ಟು ಚಂದದ, ಅಷ್ಟು ಬುದ್ಧಿಯ ಮೀನು ಕಡಿಮೆ. 2019ರಲ್ಲಿ ಜಪಾನಿನ ವಿಜ್ಞಾನಿಗಳು ಇದರ ಗಂಟಲಿನ ಮೇಲೆ ಕಂದು ಚುಕ್ಕಿ ಇಟ್ಟು ಕನ್ನಡಿ ತೋರಿಸಿದರು. ಮೀನು ಕನ್ನಡಿ ನೋಡಿ, ಹೋಗಿ ಗಂಟಲನ್ನು ಕಲ್ಲಿಗೆ ಉಜ್ಜಿತು. ತನ್ನನ್ನು ತಾನೇ ಗುರುತಿಸುತ್ತದೆಯೇ ಎಂದು ಆಮೇಲೆ ದೊಡ್ಡ ಚರ್ಚೆಯೇ ನಡೆಯಿತು. ಇಂಥದ್ದನ್ನು ಸಾಕಬಾರದು ಎಂದು ನಾನು ಹೇಳುವುದಿಲ್ಲ. ಕೆಲಸದಾಳು ಅಂತ ತರಬೇಡಿ, ಉಣ್ಣಲು ಬಂದ ನೆಂಟ ಅಂತ ತನ್ನಿ. ಟ್ಯಾಂಕ್ ಕನಿಷ್ಠ 300 ಲೀಟರ್ ಇರಲಿ, ಮೈ ದೊಡ್ಡದಿರುವ ಏಳೆಂಟು ಮೀನು ಇರಲಿ, ಮೇಲೆ ಬಲೆಯ ಮುಚ್ಚಳ ಇರಲಿ. ರಾಸ್ ಜಾತಿ ಹಾರುತ್ತದೆ. ಬೆಳಿಗ್ಗೆ ಎದ್ದಾಗ ಸೋಫಾದ ಅಡಿಯಲ್ಲಿ ಒಣಗಿ ಸಿಗುತ್ತದೆ.

ಅಂಗಡಿಯಲ್ಲಿ ನಿಮ್ಮ ಕಣ್ಣೆದುರು ಅದು ತಿನ್ನಬೇಕು. "ಮನೆಗೆ ಹೋದ ಮೇಲೆ ತಿನ್ನುತ್ತದೆ" ಎಂಬ ಮಾತಿಗೆ ದುಡ್ಡು ಕೊಡಬೇಡಿ. ಬಾಯಿ ಎಲ್ಲಿದೆ ನೋಡಿ. ಇದೇ ವೇಷ ಹಾಕಿಕೊಂಡ ಇನ್ನೊಂದು ಮೀನಿದೆ, ಹಲ್ಲಿನ ಬ್ಲೆನಿ. ಅದೇ ಬಣ್ಣ, ಅದೇ ಪಟ್ಟೆ. ಕ್ಲೀನರ್ ಅಂದುಕೊಂಡು ಹತ್ತಿರ ಬಂದ ಮೀನಿನ ರೆಕ್ಕೆಯನ್ನು ಕಚ್ಚಿ ಓಡುತ್ತದೆ. ನಿಜವಾದ ಕ್ಲೀನರಿನ ಬಾಯಿ ಮೂತಿಯ ತುದಿಯಲ್ಲಿರುತ್ತದೆ. ಈ ವೇಷಗಾರನದ್ದು ಮೂತಿಯ ಅಡಿಯಲ್ಲಿ, ಗಲ್ಲದ ಹತ್ತಿರ.

ಊಟದ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ಒಂದು ಅನುಕೂಲ ಇದೆ: ಪಚ್ಚಿಲೆ ಎಂಬ ಚಿಪ್ಪುಮೀನು. ಮಲಯಾಳದಲ್ಲಿ ಕಲ್ಲುಮ್ಮಕ್ಕಾಯಿ. ತೆಂಕಣ ಕಡೆ ಪಡನ್ನ, ಚೆರುವತ್ತೂರಿನ ಹಿನ್ನೀರಿನಲ್ಲಿ ಹಗ್ಗಕ್ಕೆ ಕಟ್ಟಿ ಬೆಳೆಸುತ್ತಾರೆ. ತಂದು ತೊಳೆದು ಕೆಲವು ದಿನ ಫ್ರೀಜರಿನಲ್ಲಿಡಿ. ಆಮೇಲೆ ಚಿಪ್ಪಿನ ಒಂದು ಭಾಗ ತೆಗೆದು, ಮಾಂಸ ಅಂಟಿಕೊಂಡಿರುವ ಇನ್ನೊಂದು ಭಾಗವನ್ನು ಕಲ್ಲಿನ ಸಂದಿಗೆ ಸಿಕ್ಕಿಸಿ. ತೇಲುವ ಫುಡ್ ಮುಟ್ಟದ ಕ್ಲೀನರ್ ರಾಸ್ ಇದನ್ನು ಹೆಕ್ಕುತ್ತದೆ, ಯಾಕೆಂದರೆ ಒಂದು ಮೈಯ ಮೇಲಿಂದ ಕಿತ್ತು ತಿನ್ನುವುದು ಅದಕ್ಕೆ ಹುಟ್ಟುಗುಣ. ಆಮೇಲೆ ಸಿಗಡಿಯನ್ನು ರವೆಯಷ್ಟು ಸಣ್ಣಗೆ ಕೊಚ್ಚಿ, ಮೀನಿನ ಮೊಟ್ಟೆ, ಫ್ರೋಜನ್ ಮೈಸಿಸ್ (ಸಿಗಡಿಯಂಥ ಸಣ್ಣ ಜೀವಿ) ಎಂದು ಒಂದೊಂದಾಗಿ ಅಭ್ಯಾಸ ಮಾಡಿಸಿ. ಚಿಪ್ಪಿನ ಮಾಂಸ ಒಂದನ್ನೇ ತಿಂಗಳುಗಟ್ಟಲೆ ಹಾಕಬೇಡಿ, ಬಿ1 ವಿಟಮಿನ್ ಕೊರತೆಯಾಗುವ ಅಪಾಯ ಇದೆ. ದಿನಕ್ಕೆ ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬರುವ ಮನೆಯಾದರೆ ಈ ಮೀನು ಬೇಡ.

ಜೋಡಿ ಕೇಳಿದ್ದಿರಿ. ಇವುಗಳಲ್ಲಿ ಒಂದು ಗಂಡು, ಐದಾರು ಹೆಣ್ಣು ಒಟ್ಟಿಗೆ ಇರುತ್ತವೆ. ಗಂಡು ಸತ್ತರೆ ಇರುವುದರಲ್ಲಿ ದೊಡ್ಡ ಹೆಣ್ಣು ಕೆಲವೇ ಗಂಟೆಯಲ್ಲಿ ಗಂಡಿನ ಗತ್ತು ತೋರಿಸಲು ಶುರು ಮಾಡಿ, ಎರಡು ಮೂರು ವಾರದಲ್ಲಿ ಪೂರ್ತಿ ಗಂಡೇ ಆಗುತ್ತದೆ. ಗಾತ್ರದಲ್ಲಿ ವ್ಯತ್ಯಾಸ ಇರುವ ಎರಡನ್ನು ಇಟ್ಟರೆ ಹೊಂದಿಕೊಳ್ಳಬಹುದು. ಆದರೆ ಒಂದಕ್ಕೇ ಊಟ ಇಲ್ಲದ ಮನೆಯಲ್ಲಿ ಎರಡು ಯಾಕೆ?

ಇನ್ನೊಂದು ಮಾತು ಮನಸ್ಸಿನಲ್ಲಿರಲಿ. ಲಿಝರ್ಡ್ ದ್ವೀಪದಲ್ಲಿಯೇ ಕೆಲವು ಸಣ್ಣ ದಿಬ್ಬಗಳಿಂದ ಕ್ಲೀನರ್ ರಾಸ್‌ಗಳನ್ನು ಎಂಟು ವರ್ಷಕ್ಕೂ ಹೆಚ್ಚು ಕಾಲ ತೆಗೆಯುತ್ತಾ ಬಂದರು. ಅಲ್ಲೇ ನೆಲೆಸುವ ಮೀನುಗಳ ಸಂಖ್ಯೆ ಉಳಿದ ದಿಬ್ಬಗಳಿಗಿಂತ ಮೂರನೇ ಒಂದು ಭಾಗಕ್ಕೂ ಹೆಚ್ಚು ಇಳಿದಿತ್ತು. ಅಂಗಡಿಗೆ ಬರುವ ಕ್ಲೀನರ್ ರಾಸ್ ಸಾಮಾನ್ಯವಾಗಿ ಕಡಲಿನಿಂದ ಹಿಡಿದದ್ದು. ನನ್ನ ಟ್ಯಾಂಕಿನಲ್ಲಿ ಮೂರು ವಾರಕ್ಕೆ ಸತ್ತದ್ದು ಕಡಲಲ್ಲಿ ಎಲ್ಲೋ ತನ್ನ ಒಂದು ಅಂಗಡಿ ಮುಚ್ಚಿಸಿ ಬಂದಿತ್ತು.

ನಿಮ್ಮ 180 ಲೀಟರಿಗೆ ಒಪ್ಪುವುದು ಕ್ಲೀನರ್ ಸಿಗಡಿ. ಕೆಂಪು ಬೆನ್ನು, ನಡುವೆ ಬಿಳಿ ಗೆರೆ, ಉದ್ದ ಬಿಳಿ ಮೀಸೆ. ಮೀನಿನ ಮೈ ಹತ್ತಿ ಹೆಕ್ಕುತ್ತದೆ, ಆದರೆ ಅದನ್ನೇ ನಂಬಿ ಕೂರುವುದಿಲ್ಲ. ನೀವು ಹಾಕಿದ್ದೆಲ್ಲ ತಿನ್ನುತ್ತದೆ. ಟ್ಯಾಂಕಿಗೆ ಕೈ ಹಾಕಿದರೆ ನಿಮ್ಮ ಉಗುರನ್ನೂ ಕ್ಲೀನ್ ಮಾಡಲು ಬರುತ್ತದೆ. ಇದೂ ಬಿಳಿ ಚುಕ್ಕಿಗೆ ಔಷಧಿ ಅಲ್ಲ. ತಂದಾಗ ಚೀಲದ ನೀರಿಗೆ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಒಂದು ಗಂಟೆ ಬಿಟ್ಟು ಹೊಂದಿಸಿ, ಉಪ್ಪಿನ ಏರುಪೇರು ಇದಕ್ಕೆ ಆಗುವುದಿಲ್ಲ. ಕೆಲವು ವಾರಕ್ಕೊಮ್ಮೆ ಸಿಪ್ಪೆ ಕಳಚುತ್ತದೆ. ನಾನು ಮೊದಲ ಸಲ ಆ ಸಿಪ್ಪೆ ನೋಡಿ ಸಿಗಡಿ ಸತ್ತಿತು ಎಂದು ತೆಗೆದು ತೆಂಗಿನ ಬುಡಕ್ಕೆ ಎಸೆದು, ಬೇಜಾರಿನಲ್ಲಿ ಕೂತಿದ್ದೆ. ರಾತ್ರಿ ಊಟ ಹಾಕುವಾಗ ಕಲ್ಲಿನ ಹಿಂದಿನಿಂದ ಅದು ಮೀಸೆ ತಿರುವುತ್ತಾ ಬಂತು. ನಿಯಾನ್ ಗೋಬಿ ಎಂಬ ಎರಡು ಇಂಚಿನ ಮೀನು ಸಿಕ್ಕರೆ ಅದೂ ಒಳ್ಳೆಯದೇ. ಕೆರಿಬಿಯನ್ ಕಡಲಿನದ್ದು, ಫಾರ್ಮಿನಲ್ಲಿ ಮರಿ ಮಾಡುತ್ತಾರೆ, ಮಾಮೂಲಿ ಫುಡ್ ತಿನ್ನುತ್ತದೆ.

ಕ್ಲೀನರ್‌ಗೆ ಅಂಗಡಿ ಬೇಕು ಎಂದು ಯಾರಾದರೂ ಲಕ್ಷದ್ವೀಪದ ಹವಳದ ಕಲ್ಲು ತಂದುಕೊಡುತ್ತೇನೆ ಅಂದರೆ ಬೇಡ ಅನ್ನಿ. 2001ರಿಂದ ದಿಬ್ಬ ಕಟ್ಟುವ ಹವಳಗಳು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿ ಆನೆಯ ಸಾಲಿನಲ್ಲಿ. ಸಿಮೆಂಟಿನ ಕಲ್ಲು ಸಾಕು.

ಕೊನೆಗೆ ನೀವು ಕೇಳದಿದ್ದ ವಿಷಯ. ಆ ನೀಲಿ ಟ್ಯಾಂಗ್ ಒಂದು ಅಡಿ ಬೆಳೆಯುವ ಮೀನು. ಮೂರು ಅಡಿಯ ಟ್ಯಾಂಕಿನಲ್ಲಿ ತಿರುಗಾಡಲು ಜಾಗ ಸಾಲದೆ ಅದು ಸೊರಗುತ್ತದೆ, ಸೊರಗಿದ ಮೀನಿಗೆ ಚುಕ್ಕಿ ಮೊದಲು ಬರುತ್ತದೆ. ಟಬ್ಬಿನ ಕೆಲಸ ಮುಗಿದು ಚೇತರಿಸಿಕೊಂಡ ಮೇಲೆ ಆರು ಅಡಿಯ ಟ್ಯಾಂಕ್ ಇರುವವರು ಯಾರಾದರೂ ಸಿಕ್ಕರೆ ಕೊಟ್ಟುಬಿಡಿ. ಉಳಿದ ನಾಲ್ಕನ್ನು 76 ದಿನ ಟಬ್ಬಿನಲ್ಲೇ ಇಡಬೇಕಾಗುತ್ತದೆ, ಅದಕ್ಕೆ ಬ್ಯಾಕ್ಟೀರಿಯಾ ಹತ್ತಿದ ಒಂದು ಸ್ಪಂಜ್ ಫಿಲ್ಟರ್ ಬೇಕು. ದಾಟಿಸುವ ಹನ್ನೆರಡು ದಿನ ಅದನ್ನು ಟಬ್ಬಿಗೆ ಹಾಕಬೇಡಿ. ಆಮೇಲೂ ಮುಖ್ಯ ಟ್ಯಾಂಕಿನಲ್ಲಿ ಓಡಿಸಿದ್ದನ್ನು ಟಬ್ಬಿಗೆ ತರಬೇಡಿ, ರೋಗದ ಗೂಡು ಅದರಲ್ಲೂ ಅಂಟಿರಬಹುದು. ಬದಲಿಗೆ ಇವತ್ತೇ ಒಂದು ಬಕೆಟ್ ಹೊಸ ಉಪ್ಪುನೀರಿನಲ್ಲಿ ಸ್ಪಂಜ್ ಫಿಲ್ಟರ್ ಓಡಿಸಿ, ದಿನಾ ಚೂರು ಫುಡ್ ಹಾಕಿ ಅಲ್ಲೇ ಹಣ್ಣಾಗಲು ಬಿಡಿ. ಬ್ಯಾಕ್ಟೀರಿಯಾ ಬಾಟಲಿ ಸಿಕ್ಕರೆ ಸ್ವಲ್ಪ ಸುರಿಯಿರಿ. ಅದು ತಯಾರಾಗುವ ತನಕ, ಮೀನಿನ ಕೊಳೆಯಿಂದ ನೀರಿಗೆ ಸೇರುವ ಅಮೋನಿಯಾ ವಿಷ ಅಳೆಯುವ ಟೆಸ್ಟ್ ಕಿಟ್ ಕೈಯಲ್ಲಿರಲಿ. ಬಣ್ಣ ತಿರುಗಿದ ದಿನ ಅರ್ಧ ನೀರು ಬದಲಾಯಿಸಿ.